ಅಕ್ಕ ಮಾಡಿಸಿದ ಬಾಯಿಪಾಠ

ನರ್ಸ್ ಮೊದಲು ಕಂಡಾಗ ಅಜ್ಜ ಎಂಟನೇ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಊದಿದ ಪಾದ, ಮೂಗಿಗೆ ಆಕ್ಸಿಜನ್ ನಳಿಕೆ, ಕುತ್ತಿಗೆವರೆಗೂ ಗುಂಡಿ ಹಾಕಿದ ಅಂಗಿ. ಮೂವತ್ತೈದು ವರ್ಷ ಲೈನ್‌ಮ್ಯಾನ್ ಆಗಿದ್ದವರು, ಕಂಬ ಹತ್ತುವುದರಲ್ಲಿ ಎತ್ತಿದ ಕೈ. ಈಗ ಎಪ್ಪತ್ತೆಂಟು. ಹೃದಯ ಸೋತಿತ್ತು, ಎರಡು ಮಾತಾಡಿದರೆ ಏದುಸಿರು. ಪಕ್ಕದ ಸ್ಟೂಲಿನಲ್ಲಿ ಎಂಬತ್ತೆರಡರ ಅಕ್ಕ. ಮನೆಯಲ್ಲಿ ಇದ್ದವರು ಅವರಿಬ್ಬರೇ.

ಇಂಥ ಹಿರಿಯ ರೋಗಿಗಳಿಗೆ ಆ ವಾರ್ಡಿನಲ್ಲಿ ಒಂದು ತಪಾಸಣೆಯಿತ್ತು: ನಡಿಗೆ, ಕೈಹಿಡಿತ, ನೆನಪು, ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರಾ ಎಂಬುದು. ಅಜ್ಜನ ಸರದಿ ಮಂಗಳವಾರದಿಂದ ಬುಧವಾರಕ್ಕೆ ಹೋಗಿತ್ತು.

"ಅಜ್ಜ, ಇವತ್ತು ಯಾವ ವಾರ?" ನರ್ಸ್ ಕೇಳಿದಳು.

"ಮಂಗಳವಾರ."

ಅಕ್ಕ ಕೆಮ್ಮಿದರು.

"ಸ್ನಾನ ಯಾರು ಮಾಡಿಸ್ತಾರೆ?"

"ನಾನೇ ಮಾಡ್ಕೋತೀನಿ."

"ಈಗ ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ."

"ಕುರ್ಚಿ, ನದಿ, ಸೇಬು," ಎಂದರು ಅಜ್ಜ, ನರ್ಸ್ ಬಾಯಿ ತೆರೆಯುವ ಮೊದಲೇ.

ಏಳನೇ ಮಂಚದವರಿಗೆ ಸೋಮವಾರ ಕೇಳಿದ್ದನ್ನೆಲ್ಲ ಅಕ್ಕ ಕಿವಿಗೊಟ್ಟು ಕೇಳಿ ತಮ್ಮನಿಗೆ ಬಾಯಿಪಾಠ ಮಾಡಿಸಿದ್ದರು.

"ಅವರು ಹೇಳೋ ತನಕ ತಡೀಬೇಕಿತ್ತು ಕಣೋ. ಸ್ಕೂಲಲ್ಲೂ ನೀನು ಹಿಂಗೇ."

"ಮಂಗಳವಾರ ಅಂತ ಹೇಳ್ಕೊಟ್ಟೋಳು ನೀನು. ನಂದೇನು ತಪ್ಪು?"

ನರ್ಸಿಗೆ ಬಂದ ನಗು ಅಕ್ಕನ ಮುಖ ನೋಡಿ ಅಲ್ಲೇ ನಿಂತಿತು.

"ಮಾರ್ಕ್ಸ್ ಕಡಿಮೆ ಬಂದ್ರೆ, ಮುದುಕನಿಗೆ ಇನ್ನೇನು ಔಷಧಿ ಅಂತ ಕೈಬಿಡ್ತೀರಲ್ವಾಮ್ಮ?"

ನರ್ಸ್ ಕುರ್ಚಿ ಎಳೆದು ಕುಳಿತಳು. "ಇಲ್ಲ ಅಜ್ಜಿ. ಇವರಿಗೆ ಏನೇನು ಮಾಡೋಕೆ ಆಗಲ್ಲ ಅಂತ ಗೊತ್ತಾದ್ರೆ ಅದಕ್ಕೆ ದಾರಿ ಹುಡುಕ್ತೀವಿ. ಎಲ್ಲಾ ಆಗುತ್ತೆ ಅಂದ್ರೆ ಹಂಗೇ ಮನೆಗೆ ಕಳಿಸ್ಬಿಡ್ತಾರೆ."

ಅಕ್ಕನ ಬಾಯಿಂದ ನಿಜ ಒಂದೊಂದೇ ಹೊರಬಂತು. ಸ್ನಾನ ಮಾಡಿಸುವುದು ಅವರೇ. ಬಚ್ಚಲಲ್ಲಿ ತಮ್ಮ ಎರಡು ಸಲ ತಲೆಸುತ್ತಿ ಬಿದ್ದಿದ್ದ. ಬೆಳಗಿನ ಮಾತ್ರೆ ನುಂಗಿದ್ದು ಮರೆತು ಮತ್ತೆ ನುಂಗುತ್ತಿದ್ದ. ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ನರ್ಸ್ ಬೇರೆ ಪದಗಳನ್ನು ಕೊಟ್ಟು ಮೊದಲಿಂದ ಕೇಳಿದಳು. ಅಂಕ ಅರ್ಧಕ್ಕೂ ಬರಲಿಲ್ಲ. ಡಾಕ್ಟರು ಅಕ್ಕನ ಹತ್ತಿರ ಮುಚ್ಚುಮರೆ ಮಾಡಲಿಲ್ಲ. "ಇಷ್ಟು ಸೊರಗಿದವರಲ್ಲಿ ತುಂಬಾ ಜನ ವರ್ಷ ದಾಟಲ್ಲಮ್ಮ. ಆದ್ರೂ ಮಾಡೋದು ಇದೆ." ತಲೆ ಸುತ್ತಿಸುತ್ತಿದ್ದ ಮಾತ್ರೆ ಬದಲಾಯಿತು, ಉಳಿದವು ದಿನದ ಲೆಕ್ಕದಲ್ಲಿ ಡಬ್ಬಿ ಸೇರಿದವು. ಆಸ್ಪತ್ರೆಯಿಂದ ಕಳಿಸಿದ ಮೇಲೆ, ಕಾಲಿಗೆ ಬಲ ಬರಲು ವ್ಯಾಯಾಮ ಮಾಡಿಸುವವರು ಮನೆಗೇ ಬಂದರು. ಸ್ನಾನಕ್ಕೂ ಒಬ್ಬ ಸಹಾಯಕನನ್ನು ಗೊತ್ತುಮಾಡಿದರು.

ಅದಾಗಿ ಹದಿನಾಲ್ಕು ತಿಂಗಳು. ಮಧ್ಯೆ ಒಮ್ಮೆ ಮತ್ತೆ ಆಸ್ಪತ್ರೆ ಸೇರಿದ್ದರು. ಈಗ ಅಜ್ಜ ಬೆಳಗ್ಗೆ ಕಿಟಕಿ ಪಕ್ಕ ಕುಳಿತು ಅಕ್ಕನಿಗೆ ಬಟಾಣಿ ಬಿಡಿಸಿಕೊಡುತ್ತಾರೆ, ಊಟವಾದ ಮೇಲೆ ಮಲಗುತ್ತಾರೆ.