ಮನಸ್ಸಿಗೆ ಒಗ್ಗುವ ಡಾಕ್ಟರು ಸಿಗುವವರೆಗೂ ಗಿರಿಯಮ್ಮ ಬಿಡುವುದಿಲ್ಲ

ಬೆಳಗಿನ ಐದೂವರೆ. ರಾಯಚರ್ಲಿನ ಕಾಟಪ್ಪನವರ ಮನೆಯ ಜಗಲಿ ಮೇಲೆ ಗಿರಿಯಮ್ಮ ಸೆರಗು ಸಿಕ್ಕಿಸಿಕೊಂಡು, ಪ್ಲಾಸ್ಟಿಕ್ ಬುಟ್ಟಿಯನ್ನು ಮಗ್ಗುಲಿಗಿಟ್ಟುಕೊಂಡು ಕೂತಿದ್ದಾರೆ. ಕಳೆದ ಸಲ ಇದೇ ಹೊತ್ತಿಗೆ ಕಾಟಪ್ಪ ಹಿತ್ತಲಿನಿಂದ ಜಾರಿಕೊಂಡಿದ್ದರು. ಮಧ್ಯಾಹ್ನದವರೆಗೆ ಸೋಲಾರ್ ಬೇಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಆಸ್ಪತ್ರೆಯ ದಿನ ತಪ್ಪಿಸಿಕೊಂಡಿದ್ದರು. ಅದಕ್ಕೇ ಈ ಸಲ ಗಿರಿಯಮ್ಮ ಹಿಂದಿನ ಸಂಜೆಯೇ ಬಂದು ಠಿಕಾಣಿ ಹೂಡಿದ್ದಾರೆ. ಪಾವಗಡದ ಕಡೆಗೆ ಮೊದಲ ಬಸ್ಸು ಆರೂಕಾಲಿಗೆ.

ಕಾಟಪ್ಪ ಹೊಸಿಲಿನ ಬಳಿ ಬಂದು ನಿಲ್ಲುತ್ತಾರೆ. ಗಿರಿಯಮ್ಮ ಕೈ ಹಿಡಿದು ಎಳೆಯುವುದಿಲ್ಲ, ಪುಸಲಾಯಿಸುವುದೂ ಇಲ್ಲ. "ಕಾಟಣ್ಣ, ಬರೋದು ಬುಡೋದು ನಿನ್ನಿಷ್ಟ. ಆದ್ರೆ ಕದ್ದು ಓಡೋಗ್ಬ್ಯಾಡ. ಬರಲ್ಲ ಅಂತ ನನ್ನ ಮುಖ ನೋಡಿ ಅನ್ನು. ನಾನು ಬಸ್ ಹತ್ಕಂಡು ಹೊಂಟೋಯ್ತೀನಿ" ಎನ್ನುತ್ತಾರೆ. ಕಾಟಪ್ಪ ಮುಖ ನೋಡುತ್ತಾರೆ. ಆಮೇಲೆ ಗೂಟದಲ್ಲಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾರೆ.

ಐವತ್ತಾರು ವರ್ಷದ ಕಾಟಪ್ಪ ಹುಟ್ಟಿದಾಗಿನಿಂದ ಕುರಿ ಕಾಯ್ದವರು. ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಯಿತು, ಮೇಯಿಸುವ ಬಯಲಿಗೆ ಬೇಲಿ ಬಿತ್ತು, ಕುರಿ ಮಾರಿದ್ದಾಯಿತು. ಮನೆಗೆ ಕಷ್ಟವೇನೂ ಇಲ್ಲ. ಆದರೆ ಅವರಿಗೆ ನಿದ್ದೆ ಕೆಟ್ಟು ಒಂದೂವರೆ ವರ್ಷವಾಯಿತು, ಮಾತು ಒಂದೆರಡಕ್ಕೆ ಇಳಿದು ಹತ್ತಿರಹತ್ತಿರ ಒಂದು ವರ್ಷ. ಹೋದ ತಿಂಗಳು ಎರಡು ಸಲ, "ನಾನಿದ್ದು ಏನು ಪ್ರಯೋಜನ" ಎಂದಿದ್ದಾರೆ. ಆ ಮಾತು ಕಿವಿಗೆ ಬಿದ್ದಾಗಿನಿಂದ ಗಿರಿಯಮ್ಮನಿಗೆ ಅನ್ನ ರುಚಿಸುತ್ತಿಲ್ಲ. ಮೂವರು ಡಾಕ್ಟರಿಗೆ ತೋರಿಸಿದ್ದಾಯಿತು, ಇವತ್ತಿನವರು ನಾಲ್ಕನೆಯವರು. ಜೊತೆಗೆ ಹೊರಟಿರುವ ಕಾಟಪ್ಪನ ತಮ್ಮ ರಂಗರಾಜು ಚಪ್ಪಲಿ ಮೆಟ್ಟುತ್ತಲೇ ತೀರ್ಪು ಕೊಟ್ಟುಬಿಡುತ್ತಾರೆ: "ಇದೇ ಕೊನೆ ಅಕ್ಕ. ಇದೂ ಆಗ್ಲಿಲ್ಲ ಅಂದ್ರೆ ಆಸ್ಪತ್ರೆ ಸಾವಾಸನೇ ಬ್ಯಾಡ ನಮ್ಗೆ." ಗಿರಿಯಮ್ಮ ಬುಟ್ಟಿ ಎತ್ತಿಕೊಂಡು ಮುಂದೆ ನಡೆಯುತ್ತಾರೆ.

ಗಿರಿಯಮ್ಮನ ಊರು ಕಳ್ಳಂಬೆಳ್ಳ ಹೋಬಳಿಯಲ್ಲಿ. ವಯಸ್ಸು ನಲವತ್ತೊಂಬತ್ತು, ಓದು ಏಳನೇ ಕ್ಲಾಸು. ಶಿರಾದ ಒಂದು ಪುಟ್ಟ ಸಂಸ್ಥೆಯಲ್ಲಿ ಹನ್ನೊಂದು ವರ್ಷದಿಂದ ಕ್ಷೇತ್ರ ಕಾರ್ಯಕರ್ತೆ. ಹೆಸರಿಗೆ ಕ್ಷೇತ್ರ ಕಾರ್ಯಕರ್ತೆ, ನಿಜವಾದ ಕೆಲಸ ಮಾತ್ರ ಬೇರೆ. ಮನಸ್ಸು ಕೆಟ್ಟು ಕೂತವರಿಗೆ ತಕ್ಕ ಡಾಕ್ಟರನ್ನು ಹುಡುಕುವುದು, ಬಸ್ಸು ಹತ್ತಿಸಿ ಕರೆದೊಯ್ಯುವುದು, ಒಗ್ಗದಿದ್ದರೆ ಇನ್ನೊಬ್ಬರನ್ನು ಹುಡುಕುವುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಅವರ ಕಾಲಿನ ಕೆಳಗೇ. ವಾರದಲ್ಲಿ ಐದು ದಿನ ಬಸ್ಸು, ದಿನಕ್ಕೆ ಕಡಿಮೆಯೆಂದರೂ ನಾಲ್ಕು ಸಲ ಹತ್ತಿ ಇಳಿಯಬೇಕು. ಯಾವ ಊರಿಗೆ ಯಾವ ವಾರ ಯಾವ ಮನೋವೈದ್ಯರು ಬರುತ್ತಾರೆ, ಯಾರು ನಿಧಾನ, ಯಾರು ಗಡಿಬಿಡಿ, ಯಾರ ಮುಂದೆ ಹೆಣ್ಣುಮಕ್ಕಳು ಬಾಯಿ ಬಿಡುತ್ತಾರೆ, ಯಾರಿಗೆ ಉರ್ದು ಬರುತ್ತದೆ, ಎಲ್ಲವೂ ಅವರ ತಲೆಯಲ್ಲಿದೆ. ಹದಿನೇಳು ಮಂದಿ ಡಾಕ್ಟರು, ಐವರು ಆಪ್ತಸಮಾಲೋಚಕರು. ಅವರಲ್ಲಿ ಅರ್ಧದಷ್ಟು ಜನಕ್ಕೆ ಗಿರಿಯಮ್ಮನನ್ನು ಕಂಡರೆ ಗೌರವ, ಇನ್ನರ್ಧಕ್ಕೆ ಕೊಂಚ ಕಿರಿಕಿರಿ.

ಕಿರಿಕಿರಿ ಯಾಕೆಂದರೆ, ಈ ಹೆಂಗಸು ರೋಗಿಗೆ ಇಲ್ಲದ ಅಧಿಕಪ್ರಸಂಗ ಹೇಳಿಕೊಡುತ್ತಾಳೆ ಎಂಬ ದೂರಿದೆ. ಡಾಕ್ಟರನ್ನು ಬದಲಾಯಿಸುತ್ತಾ ಹೋಗುವುದೂ ಒಂದು ಕಾಯಿಲೆಯೇ ಎಂದು ಒಬ್ಬರು ಎದುರಿಗೇ ಅಂದದ್ದುಂಟು. ಊರಿನವರೂ ಕಡಿಮೆಯೇನಿಲ್ಲ, 'ಡಾಕ್ಟ್ರು ದಲ್ಲಾಳಿ' ಎಂದು ಅಡ್ಡಹೆಸರಿಟ್ಟಿದ್ದಾರೆ. ಗಿರಿಯಮ್ಮನ ಬಳಿ ಎಲ್ಲರಿಗೂ ಒಂದೇ ಉತ್ತರ: "ಶಿರಾ ಮಂಡಿಗೆ ಹೋಗಿ ನೋಡಿ. ಒಂದು ಮೂಟೆ ಕಳ್ಳೇಕಾಯಿ ಕೊಳ್ಳೋಕೆ ಹತ್ತು ಕಾಯಿ ಸುಲ್ದು, ಬೀಜ ಉಜ್ಜಿ, ಬಾಯಿಗೆ ಹಾಕ್ಕಂಡು ನೋಡ್ತಾರೆ. ಮನಸ್ಸು ಕೊಡೋ ಜಾಗದಲ್ಲಿ ಮಾತ್ರ ಮೊದಲ್ನೇ ಬಾಗ್ಲಲ್ಲೇ ಕೈ ಮುಗ್ಕೊಂಡು ಕೂತಿರ್ಬೇಕಾ? ಯಾಕೆ ಕೂರ್ಬೇಕು?"

ಆದರೆ ಇಷ್ಟು ಜೋರಾಗಿ ಮಾತಾಡುವ ಗಿರಿಯಮ್ಮ, ತಮ್ಮಿಂದಾದ ಒಂದು ತಪ್ಪನ್ನು ಮುಚ್ಚಿಡುವವರಲ್ಲ. ಈ ಕಡೆ ಹಳ್ಳಿಗಳಲ್ಲಿ ಒಂದು ರೂಢಿಯಿದೆ. ಆಸ್ಪತ್ರೆಗೆ ಕರೆದುಕೊಂಡು ಹೋದವರೇ ಡಾಕ್ಟರ ಮುಂದೆ ಮಾತಾಡಬೇಕು, ಕಾಯಿಲೆಯವರು ತಲೆ ತಗ್ಗಿಸಿ ಕೂರಬೇಕು. ಸೊಸೆಯ ನೋವನ್ನು ಅತ್ತೆ ಹೇಳುತ್ತಾಳೆ, ಅಣ್ಣನ ಸಂಕಟವನ್ನು ತಮ್ಮ ಹೇಳುತ್ತಾನೆ. ಅದು ದರ್ಪವಲ್ಲ, ಪ್ರೀತಿಯೆಂದೇ ಎಲ್ಲರೂ ತಿಳಿದಿದ್ದಾರೆ. ಹದಿಮೂರು ವರ್ಷದ ಹಿಂದೆ ಗಿರಿಯಮ್ಮನ ತಂಗಿ ಗಂಗಾಲಕ್ಷ್ಮಿ ಬಾಣಂತನದಲ್ಲಿ ಮಂಕಾದಾಗ, ಅಕ್ಕ ಮಾಡಿದ್ದೂ ಅದನ್ನೇ. ಒಂದೂವರೆ ವರ್ಷ, ಇಬ್ಬರು ಡಾಕ್ಟರು. ಪ್ರತಿ ಸಲವೂ, "ನಿದ್ದೆ ಮಾಡಲ್ಲ ಸಾರ್, ಊಟ ಸೇರಲ್ಲ ಸಾರ್, ಮೈಯೆಲ್ಲ ನೋವಂತೆ ಸಾರ್" ಎಂದು ಗಿರಿಯಮ್ಮನದೇ ಪಾಠ. ಅವರು ಹೇಳಿದ್ದಕ್ಕೆ ತಕ್ಕ ಮಾತ್ರೆ ಬರುತ್ತಿತ್ತು, ತಂಗಿ ಮಾತ್ರ ಇದ್ದ ಹಾಗೆಯೇ ಇದ್ದಳು.

ಮೂರನೆಯ ಡಾಕ್ಟರು, "ನೀವು ಸ್ವಲ್ಪ ಹೊರಗೆ ಕೂತಿರಿ ಅಮ್ಮ" ಎಂದರಂತೆ. "ನಂಗೆ ಉರ್ದೋಯ್ತು ಕಣಮ್ಮ. ಹೆತ್ತವ್ವನಂಗೆ ಸಾಕಿರೋಳು ನಾನು, ನನ್ನೇ ಆಚೆಗೆ ಕಳಿಸ್ತಾನಲ್ಲ ಅಂತ ಬಾಗ್ಲಲ್ಲೇ ನಿಂತು ಜಗಳ ಆಡ್ದೆ" ಎಂದು ಗಿರಿಯಮ್ಮ ಪೇಪರಿನವರ ಮುಂದೆ ನೆನೆಯುತ್ತಾರೆ. ಬಾಗಿಲು ಮುಚ್ಚಿತು. ಮುಕ್ಕಾಲು ಗಂಟೆಯ ಮೇಲೆ ಗಂಗಾಲಕ್ಷ್ಮಿ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಮಗುವಿನ ಜೊತೆ ಒಬ್ಬಳೇ ಇರಬೇಕಾದರೆ ತನ್ನ ಕೈಗಳ ಮೇಲೆ ತನಗೇ ನಂಬಿಕೆಯಿಲ್ಲ, ಅದಕ್ಕೇ ಕಣ್ಣು ಮುಚ್ಚಲು ಹೆದರಿಕೆ ಎಂದು ಅವಳು ಆವತ್ತೇ ಮೊದಲು ಬಾಯಿಬಿಟ್ಟಿದ್ದು. ಅಕ್ಕನ ಮುಂದೆ ಆ ಮಾತನ್ನು ಹೇಳುವುದು ಅವಳಿಂದ ಆಗುತ್ತಲೇ ಇರಲಿಲ್ಲ. "ಒಂದೂವರೆ ವರ್ಷ ಅವಳ ಬಾಯಿಗೆ ನಾನೇ ಅಡ್ಡ ಕೂತಿದ್ದೆ" ಎನ್ನುತ್ತಾರೆ ಗಿರಿಯಮ್ಮ.

ಗಂಗಾಲಕ್ಷ್ಮಿ ಈಗ ಕಳ್ಳಂಬೆಳ್ಳದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾರೆ. ಮಗನಿಗೆ ಹದಿಮೂರು ವರ್ಷ. ಪೇಪರಿನಲ್ಲಿ ಹೆಸರು ಬದಲಾಯಿಸಿ ಹಾಕಲೇ ಎಂದು ಕೇಳಿದರೆ ಹೊಲಿಗೆ ಯಂತ್ರ ನಿಲ್ಲಿಸಿ ದುರುಗುಟ್ಟುತ್ತಾರೆ. "ಶುಗರ್ ಬಂದೋರು ಹೆಸ್ರು ಬದಲಾಯಿಸ್ಕಂತಾರಾ? ನಾನ್ಯಾಕೆ ಬದಲಾಯಿಸ್ಲಿ? ಅಪ್ಪ ಇಟ್ಟ ಹೆಸ್ರೇ ಹಾಕಿ."

ಪಾವಗಡದಲ್ಲಿ ಹತ್ತಿದ ಮಧುಗಿರಿ ಬಸ್ಸಿನಲ್ಲಿ ಕಾಟಪ್ಪ ಕಿಟಕಿಗೆ ಹಣೆ ಒತ್ತಿ ಕೂತಿದ್ದಾರೆ. ಅವರು ಕಂಡ ಹಿಂದಿನ ಮೂವರು ಡಾಕ್ಟರ ಕತೆಯನ್ನು ಗಿರಿಯಮ್ಮ ಹಿಂದಿನ ಸೀಟಿನಿಂದ ಮೆಲುದನಿಯಲ್ಲಿ ಹೇಳುತ್ತಾರೆ. ಮೊದಲನೆಯವರು ಕೊಟ್ಟ ಮಾತ್ರೆಗೆ ಕಾಟಪ್ಪ ಹಗಲೂ ತೂಕಡಿಸಿದರು, ಬದಲಾಯಿಸಿ ಎಂದರೆ ಕೇಳಲಿಲ್ಲ. ಎರಡನೆಯವರ ಬಳಿ ಎರಡು ನಿಮಿಷಕ್ಕೆ ಚೀಟಿ ಕೈಗೆ ಬಂತು. ಮೂರನೆಯವರು ಒಳ್ಳೆಯವರೇ, ಮಾತ್ರೆಯನ್ನೂ ಸರಿಮಾಡಿದರು. ಆದರೆ ಅವರದು ಪಟ್ಟಣದ ಕನ್ನಡ, ಕಾಟಪ್ಪನ ಮನೆಮಾತು ತೆಲುಗು, ನಡುವೆ ರಂಗರಾಜುವಿನ ಭಾಷಣ. "ಡಾಕ್ಟ್ರು ಕೆಟ್ಟೋರಲ್ಲ. ಇವ್ರಿಗೆ ಒಗ್ಲಿಲ್ಲ, ಅಷ್ಟೇಯ. ಡಾಕ್ಟ್ರು ಬದಲಾಯಿಸು, ಆದ್ರೆ ಮಾತ್ರೆ ಮಾತ್ರ ನಿನ್ನಷ್ಟಕ್ಕೆ ನೀನೇ ನಿಲ್ಲಿಸ್ಬ್ಯಾಡ ಅಂತ ಎಲ್ರಿಗೂ ಹೇಳೋದು ನಾನು. ಹಳೇ ಚೀಟಿ ಎಲ್ಲ ಬುಟ್ಟೀಲಿದೆ, ಹೊಸಬ್ರು ನೋಡ್ಬೇಕಲ್ಲ" ಎಂದು ಬುಟ್ಟಿಯೊಳಗಿನ ಕವರು ತೋರಿಸುತ್ತಾರೆ.

ಇವತ್ತಿನವರು ಡಾ. ಶ್ರೀಲತಾ. ಗುರುವಾರ ಮಾತ್ರ ಮಧುಗಿರಿಗೆ ಬರುತ್ತಾರೆ, ತೆಲುಗು ಅವರ ತಾಯಿಮಾತು. ಇದನ್ನು ಪತ್ತೆ ಮಾಡಲು ಗಿರಿಯಮ್ಮನಿಗೆ ಮೂರು ವಾರ ಹಿಡಿದಿದೆ. ಬೆಟ್ಟದ ಕಡೆಯ ಬೀದಿಯ ಆ ಸಣ್ಣ ಕ್ಲಿನಿಕ್ಕಿನಲ್ಲಿ ಹೆಸರು ಕೂಗಿದ ಕೂಡಲೇ ಕಾಟಪ್ಪನಿಗಿಂತ ಮೊದಲು ರಂಗರಾಜು ಎದ್ದು ನಿಲ್ಲುತ್ತಾರೆ. ಗಿರಿಯಮ್ಮ ಅವರ ಅಂಗಿಯ ಚುಂಗು ಹಿಡಿದು ಜಗ್ಗುತ್ತಾರೆ.

"ಕೂತ್ಕಳ್ಲಾ."

"ಅಣ್ಣಂಗೆ ಮಾತು ಬರಲ್ಲಕ್ಕ. ನಾನೇ ಹೇಳ್ಬೇಕು."

"ಬರ್ತದೆ. ನೀನು ಸುಮ್ಕಿದ್ರೆ ಬರ್ತದೆ."

"ಅಲ್ಲಿ ಸುಮ್ನೆ ಕೂತು ಎದ್ದು ಬಂದ್ರೆ? ಇದೇ ಕೊನೆ ಅಂದಿದ್ದೀನಿ."

"ಕೊನೆನೋ ಮೊದ್ಲೋ ಹೇಳಕ್ಕೆ ನೀನ್ಯಾರು? ಕಾಯಿಲೆ ನಿಂದಾ, ಅವ್ರುದಾ?"

ಬೆಂಚಿನಲ್ಲಿದ್ದ ನಾಲ್ಕೈದು ಜನ ತಿರುಗಿ ನೋಡುತ್ತಾರೆ. ರಂಗರಾಜು ಮುಖ ಕೆಂಪಗೆ ಮಾಡಿಕೊಂಡು ಕೂರುತ್ತಾರೆ. ಕಾಟಪ್ಪ ಒಬ್ಬರೇ ಒಳಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ.

ಹತ್ತು ನಿಮಿಷವಾದರೂ ಒಳಗಿನಿಂದ ಸದ್ದಿಲ್ಲ. ರಂಗರಾಜು ಕಾಲು ಅಲ್ಲಾಡಿಸುತ್ತಾರೆ, ಗಡಿಯಾರ ನೋಡುತ್ತಾರೆ, ನೋಡಿದೆಯಾ ಎಂಬಂತೆ ಗಿರಿಯಮ್ಮನ ಕಡೆಗೆ ತಿರುಗುತ್ತಾರೆ. ಇಷ್ಟು ಹೊತ್ತು ಜಬರದಸ್ತು ಮಾಡಿದ ಗಿರಿಯಮ್ಮನೂ ಈಗ ಬುಟ್ಟಿಯ ಹಿಡಿಯನ್ನು ತಿರುಚುತ್ತಾ ಕೂತಿದ್ದಾರೆ. ಹದಿನೈದು ನಿಮಿಷದ ಹೊತ್ತಿಗೆ ಒಂದು ಗಂಡು ದನಿ ಕೇಳುತ್ತದೆ. ತೆಲುಗು, ತಡವರಿಸುವ, ತುಕ್ಕು ಹಿಡಿದ ದನಿ. ಅದು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಬರಬರುತ್ತಾ ನಿಲ್ಲುವುದು ಕಡಿಮೆಯಾಗುತ್ತದೆ. ರಂಗರಾಜುವಿನ ಕಾಲು ಅಲ್ಲಾಡುವುದು ನಿಂತುಹೋಗಿದೆ. "ನಮ್ಮಣ್ಣ" ಎಂದು ಅವರು ಯಾರಿಗೋ ಹೇಳುವಂತೆ ಹೇಳಿಕೊಳ್ಳುತ್ತಾರೆ. ಕಣ್ಣಲ್ಲಿ ನೀರು ತುಂಬಿದೆ.

ಐವತ್ತು ನಿಮಿಷದ ಮೇಲೆ ಕಾಟಪ್ಪ ಹೊರಬರುತ್ತಾರೆ. ಏನು ಹೇಳಿದಿರಿ ಎಂದು ಗಿರಿಯಮ್ಮ ಕೇಳುವುದಿಲ್ಲ, ರಂಗರಾಜು ಕೇಳಲು ಬಾಯಿ ತೆರೆದರೆ ಕಣ್ಣಲ್ಲೇ ಗದರುತ್ತಾರೆ. ಎದುರಿನ ಟೀ ಅಂಗಡಿಗೆ ಕರೆದೊಯ್ದು, ಲೋಟ ಕೈಗೆ ಕೊಟ್ಟು, ಯಾವಾಗಲೂ ಕೇಳುವ ಪ್ರಶ್ನೆಯನ್ನಷ್ಟೇ ಕೇಳುತ್ತಾರೆ: "ನಿನ್ನ ಮುಖ ನೋಡಿದ್ರಾ ಕಾಟಣ್ಣ, ಇಲ್ಲಾ ಕಾಗ್ದ ನೋಡಿದ್ರಾ?"

"ಮುಖಮೇ ಚೂಸಿಂದಿ" ಎನ್ನುತ್ತಾರೆ ಕಾಟಪ್ಪ. ಮುಖವನ್ನೇ ನೋಡಿದರಂತೆ.

"ಹೇಳಕ್ಕಾಗ್ದೆ ಇರೋದು ಏನಾದ್ರೂ ಉಳ್ಕಂತಾ?"

ಕಾಟಪ್ಪ ಟೀ ಊದುತ್ತಾರೆ. "ಉಂದಿ. ಶಾನೆ ಉಂದಿ." ಇದೆಯಂತೆ, ಬಹಳ ಇದೆಯಂತೆ.

"ಅದನ್ನ ಇವ್ರತ್ರ ಹೇಳಕ್ಕಾಯ್ತದಾ? ಇಲ್ಲಾ ಅಂದ್ರೆ ಅಂಜ್ಬ್ಯಾಡ, ಐದನೇವ್ರನ್ನ ಹುಡುಕ್ತೀನಿ. ನಂಗೇನು ಬಸ್ ಹೊಸ್ದಲ್ಲ."

ಕಾಟಪ್ಪ ಟೀ ಮುಗಿಸಿ, ಲೋಟ ಇಟ್ಟು, ಟವೆಲಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾರೆ. ವರ್ಷದಿಂದೀಚೆಗೆ ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ರಂಗರಾಜು ಕೇಳಿಲ್ಲ. "ಹದಿನೈದು ದಿನಕ್ಕೆ ಬಾ ಅಂದವ್ರೆ. ಮಿಕ್ಕಿದ್ದು ಆವತ್ತು ಹೇಳ್ತೀನಿ. ಬಸ್ ನಂಗೂ ಗೊತ್ತಾಯ್ತು. ನಾನೊಬ್ನೇ ಬತ್ತೀನಿ. ಇನ್ನು ನೀನು ಬರ್ಬ್ಯಾಡಮ್ಮ."

ರಂಗರಾಜುವಿಗೆ ನಾಚಿಕೆಯಾಗುತ್ತದೆ. "ಅಣ್ಣಾ, ಅಂಗನ್ಬಾರ್ದು. ಅಕ್ಕ ನಿಂಗೋಸ್ಕರ ಎಷ್ಟು ಅಲೆದವ್ರೆ" ಎಂದು ತಡೆಯಲು ಹೋಗುತ್ತಾರೆ. ಗಿರಿಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ನಗುತ್ತಾರೆ, ಟೀ ಅಂಗಡಿಯವನು ತಿರುಗಿ ನೋಡುವಷ್ಟು ಜೋರಾಗಿ.

"ಸುಮ್ಕಿರ್ಲಾ. ಆ ಮಾತು ಕೇಳಕ್ಕೇ ನಾನು ಹನ್ನೊಂದು ವರ್ಷದಿಂದ ಬಸ್ ಹತ್ತಿ ಇಳೀತಿರೋದು. ನೀನು ಬ್ಯಾಡ ಅಂತ ನನ್ನ ಮುಖಕ್ಕೇ ಹೇಳ್ದೋರು ಇವತ್ತಿಗೆ ಎಂಬತ್ತೇಳು ಜನ ಆದ್ರು."