ಭಾವನ ಸೈಕಲ್ಲಿಗೆ ಬಂಗಾರದ ಬಣ್ಣ

ನನಗೆ ಬೇಗ ಹೇಸಿಗೆಯಾಗುತ್ತದೆ. ಇದು ನಮ್ಮ ಮನೆತನದ ಗುಣ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು, ಊರಿನವರ ಮೂಗಿನ ಬೆವರು, ಕಿವಿಯ ಗುಗ್ಗೆ ಅಂಟಿದ ಫ್ರೇಮುಗಳನ್ನು ಇಷ್ಟು ವರ್ಷ ಒರೆಸಿದರೂ ಆ ಗುಣ ಹೋಗಲಿಲ್ಲ. "ನಿಮ್ಮ ಮುಖ ನೋಡಿದ್ರೆ ಕಾದ ಹಾಲು ಒಡೆಯುತ್ತೆ ಮಾರಾಯ್ರೆ" ಎನ್ನುತ್ತಾಳೆ ಹೆಂಡತಿ. ಇರಬಹುದು. ಆದರೆ ಹೋದ ವರ್ಷ ನನ್ನ ಅಕ್ಕನ ಮಗ ಮೊಬೈಲಿನಲ್ಲಿ ತೋರಿಸಿದ ಒಂದು ಫೋಟೋ ನೋಡಿ ಆದಷ್ಟು ಹೇಸಿಗೆ ನನಗೆ ಈ ಜನ್ಮದಲ್ಲಿ ಆಗಿರಲಿಲ್ಲ.

ಯಾವುದೋ ಹೋಟೆಲಿನ ಗೋಡೆಗೆ ಒಂದು ಹಳೆಯ ರೇಸ್ ಸೈಕಲ್ಲನ್ನು ತಲೆಕೆಳಗಾಗಿ ನೇತುಹಾಕಿದ್ದರು. ಸೀಟು, ಚೈನು, ಟೈರು ಯಾವುದನ್ನೂ ಬಿಡದೆ ಮೈಗೆಲ್ಲ ಬಂಗಾರದ ಬಣ್ಣ ಹೊಡೆದಿದ್ದರು. ಚಕ್ರದ ಕಡ್ಡಿಗಳಿಗೆ ಪ್ಲಾಸ್ಟಿಕ್ ಬಳ್ಳಿ ಸುತ್ತಿ, ಬಳ್ಳಿಯೊಳಗೆ ಮಿಣಿಮಿಣಿ ದೀಪ ಬಿಟ್ಟಿದ್ದರು.

"ಅಪ್ಪನ ಸೈಕಲ್ಲೂ ಹಿಂಗೇ ಮಾಡಿಸ್ತೀನಿ ಮಾವ" ಎಂದ ಅಳಿಯ. "ಆಯುಧಪೂಜೆ ದಿನ ಅಂಗಡಿ ಗ್ಲಾಸಿನ ಹಿಂದೆ ಹಾಕ್ತೀನಿ. ಫುಲ್ ವಿಂಟೇಜ್ ಲುಕ್ಕು."

ಅವನದು ಕಾರುಗಳಿಗೆ ಸಿಂಗಾರ ಮಾಡುವ ಅಂಗಡಿ. ಸೀಟಿನ ಕವರು, ತಲೆಯಾಡಿಸುವ ನಾಯಿ, ಬ್ರೇಕ್ ಒತ್ತಿದರೆ ಹೊತ್ತಿಕೊಳ್ಳುವ ದೇವರು, ಎಲ್ಲ ಸಿಗುತ್ತದೆ. ಒಳಗೆ ಕಾಲಿಟ್ಟರೆ ಹತ್ತು ಬಗೆಯ ಸೆಂಟಿನ ವಾಸನೆ ಒಟ್ಟಿಗೆ ಗಂಟಲಿಗೆ ಇಳಿಯುತ್ತದೆ. ಹುಡುಗ ಕೆಟ್ಟವನಲ್ಲ. ಅಪ್ಪನ ಮೇಲೆ ಅವನಿಗೆ ಪ್ರೀತಿ ಇದೆ. ಆದರೆ ಅವನ ಪ್ರೀತಿ ಯಾವುದರ ಮೇಲೆ ಬಿದ್ದರೂ ಅದು ಹೊಳೆಯಲೇಬೇಕು.

ಆ ಸೈಕಲ್ಲು ನನ್ನ ಭಾವನದು. ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಯಂತ್ರ ಕೂರಿಸಲು ಪರದೇಶದಿಂದ ಬಂದಿದ್ದ ಇಂಜಿನಿಯರೊಬ್ಬ ಊರು ಬಿಡುವಾಗ ತನ್ನ ಸೈಕಲ್ಲನ್ನು ಭಾವನಿಗೆ ಕೊಟ್ಟು ಹೋಗಿದ್ದ. ಆಕಾಶದ ನೀಲಿ ಬಣ್ಣ, ಕೊಳವೆಗಳು ಕೂಡುವಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಹಳದಿ ಗೆರೆ, ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್ಲು, ಚರ್ಮದ ಸೀಟು. ಒಂದು ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಊರಿನವರು ಹಾಲಿನ ಕ್ಯಾನು, ಹುಲ್ಲಿನ ಹೊರೆ ಕಟ್ಟಿಕೊಂಡು ಸೈಕಲ್ ತುಳಿಯುತ್ತಿದ್ದ ಕಾಲದಲ್ಲಿ ಭಾವ ಸುಮ್ಮನೆ ಖುಷಿಗೆಂದು ಶಿವಮೊಗ್ಗದವರೆಗೆ ತುಳಿದು, ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ವಾಪಸ್ ಹೋಗುತ್ತಿದ್ದರು.

ಅಕ್ಕನಿಗೆ ಆ ಸೈಕಲ್ಲನ್ನು ಕಂಡರೆ ಆಗುತ್ತಿರಲಿಲ್ಲ. ಭಾವ ಅದನ್ನು ಹೊರಗೆ ನಿಲ್ಲಿಸದೆ ನೇರ ಹಾಲಿಗೆ ತರುತ್ತಿದ್ದರು. ಅವಳು ತಿಕ್ಕಿ ಒರೆಸಿದ ಕೆಂಪು ಗಾರೆಯ ನೆಲದ ಮೇಲೆ ಎಣ್ಣೆಯ ಹನಿ ಬೀಳುತ್ತಿತ್ತು. "ಥೂ" ಎಂದೇ ಅವಳ ಮಾತು ಶುರುವಾಗುತ್ತಿತ್ತು. "ಥೂ, ಆ ಗ್ರೀಸಿನ ಕೈಯಲ್ಲಿ ಏನೂ ಮುಟ್ಟಬೇಡಿ, ಮೊದ್ಲು ಕೈ ತೊಳ್ಕೊಳ್ಳಿ." ಅಂಗಳದ ನಲ್ಲಿಯ ಪಕ್ಕ ತೆಂಗಿನ ಕರಟದಲ್ಲಿ ಸೀಗೆಪುಡಿ ಸದಾ ಇರುತ್ತಿತ್ತು. ಭಾವ ನಗುತ್ತಾ ಹೋಗಿ ತಿಕ್ಕಿಕೊಳ್ಳುತ್ತಿದ್ದರು. ನಾನು ಕಂಡಂತೆ ಅವರ ಸಂಸಾರದ ಅರ್ಧದಷ್ಟು ಮಾತುಕತೆ ಇದೇ ಆಗಿತ್ತು.

ಭಾವ ತೀರಿಕೊಂಡ ಮೇಲೆ ಸೈಕಲ್ಲು ಅದೇ ಹಾಲಿನಲ್ಲಿ ಒಂದು ಹಳೆಯ ಬೆಡ್‌ಶೀಟು ಹೊದ್ದು ನಿಂತಿತು. ಮಗನ ಬಂಗಾರದ ಯೋಜನೆ ಕಿವಿಗೆ ಬಿದ್ದ ದಿನ ಅಕ್ಕ ನನಗೆ ಫೋನ್ ಮಾಡಿದಳು.

"ನೀನೇ ತಗೊಂಡ್ ಹೋಗಿ ರಿಪೇರಿ ಮಾಡೋ. ಇವನ ಕೈಗೆ ಸಿಕ್ಕಿದ್ರೆ ಮದುವೆ ಕಾರು ಮಾಡ್ತಾನೆ. ಅವರು ಬಿಟ್ಟು ಹೋದ ಹಾಗೇ ಇರ್ಬೇಕು, ಆದ್ರೆ ಓಡ್ಬೇಕು. ಅಷ್ಟೇ."

ಅಳಿಯ ಒಂದು ಷರತ್ತಿನ ಮೇಲೆ ಒಪ್ಪಿದ. "ಆಯಿತು ಮಾವ. ಆಯುಧಪೂಜೆ ಒಳಗೆ ಮಾಡಿ ತನ್ನಿ. ಅಮ್ಮ ನೋಡಿ ಸರಿ ಅಂದ್ರೆ ಮನೇಲೇ ಇರ್ಲಿ. ಸರಿ ಇಲ್ಲ ಅಂದ್ರೆ ನನ್ನ ಪ್ಲಾನು."

ಮೊದಲಿಗೆ ಅವನ ಒತ್ತಾಯಕ್ಕೆ ಮಾಚೇನಹಳ್ಳಿ ಕಡೆಯ ಒಂದು ಪೇಂಟಿಂಗ್ ಶೆಡ್ಡಿಗೆ ಹೋದೆವು. ಅಲ್ಲಿ ಗೇಟು, ಜಿಮ್ಮಿನ ಡಂಬೆಲ್ಲು, ಯಾರದೋ ಅಜ್ಜಿಯ ಕಾಲದ ಕಬ್ಬಿಣದ ತೊಟ್ಟಿಲು, ಎಲ್ಲ ಒಂದೇ ಕಪ್ಪು ಬಣ್ಣ ಬಳಿದುಕೊಂಡು ಸಾಲಾಗಿ ನೇತಾಡುತ್ತಿದ್ದವು. ಶೆಡ್ಡಿನವನು ಬಾಯಿಯ ಗುಟ್ಕಾವನ್ನು ಬೆರಳಿನಿಂದ ದವಡೆಗೆ ಸರಿಸಿ, ಅದೇ ಕೈಯ ಉಗುರಿನಿಂದ ನೀಲಿಯ ಮೇಲಿನ ಹಳದಿ ಗೆರೆಯನ್ನು ಕೆರೆದ.

"ಇದೆಲ್ಲ ಮರಳು ಹೊಡೆದ್ರೆ ಸಾಫ್ ಆಗುತ್ತೆ ಸಾಬ್. ಈ ತಗ್ಗಿಗೆ ಪುಟ್ಟಿ ತುಂಬ್ತೀವಿ. ಬಿಲ್ಕುಲ್ ಹೊಸದು, ನಿಮಗೇ ಗುರುತು ಸಿಗಲ್ಲ."

ಗುರುತು ಸಿಗದ ಹಾಗೆ ಮಾಡುವುದು ಅವನ ಪ್ರಕಾರ ಹೊಗಳಿಕೆ. ಆ ತಗ್ಗು ಭಾವ ತರೀಕೆರೆ ರಸ್ತೆಯಲ್ಲಿ ಎಮ್ಮೆಗೆ ಗುದ್ದಿಕೊಂಡಾಗ ಆದದ್ದು. ಅದರ ಕಥೆ ಹೇಳದೆ ಅವರು ಯಾವ ನೆಂಟರನ್ನೂ ಕಳಿಸುತ್ತಿರಲಿಲ್ಲ. ನಾನು ಸೈಕಲ್ಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಶೆಡ್ಡಿನವನಿಗೆ ಒಂದು ನಮಸ್ಕಾರವನ್ನೂ ಹೇಳದೆ ಹೊರಬಂದೆ.

ಇದಕ್ಕೆ ವಿರುದ್ಧ ಜಾತಿಯ ಜನ ಇನ್ನೂ ಅಸಹ್ಯ ಎಂದು ಆಮೇಲೆ ಗೊತ್ತಾಯಿತು. ಕನ್ನಡಕ ಮಾಡಿಸಲು ಬಂದ ಗಿರಾಕಿಯೊಬ್ಬರಿಗೆ ಹಳೆಯ ಸೈಕಲ್ಲುಗಳ ಶೋಕಿ. ಮನೆಗೆ ಬಂದು ನೋಡಿ, "ಛೇ, ತುಕ್ಕೇ ಕಡಿಮೆ ಇದೆಯಲ್ಲ ಸಾರ್. ಉಪ್ಪು ನೀರು ಹಚ್ಚಿ ಬಿಸಿಲಿಗಿಡಿ. ಆಮೇಲೆ ಟೀ ಡಿಕಾಕ್ಷನ್ ಉಜ್ಜಿ. ಒಳ್ಳೇ ವಯಸ್ಸು ಬರುತ್ತೆ" ಎಂದು ಉಪದೇಶ ಮಾಡಿದರು. ಒಬ್ಬ ಅದನ್ನು ಮದುಮಗನನ್ನಾಗಿ ಮಾಡಲು ಹೊರಟರೆ ಇನ್ನೊಬ್ಬರಿಗೆ ಅದು ಮುದುಕನ ವೇಷ ಹಾಕಬೇಕು. ಇದ್ದದ್ದು ಇದ್ದ ಹಾಗೆ ಇದ್ದರೆ ಯಾಕೆ ಯಾರಿಗೂ ತಡೆಯುವುದಿಲ್ಲವೋ ಕಾಣೆ. ಅವರ ಕನ್ನಡಕವನ್ನು ಬೇಗ ಮಾಡಿಕೊಟ್ಟು ಸಾಗಹಾಕಿದೆ.

ಕೊನೆಗೆ ಮನೆಯ ಬಾಲ್ಕನಿಯಲ್ಲಿ ನಾನೇ ಕೂತೆ. ಕನ್ನಡಕದ ಸಣ್ಣ ಸ್ಕ್ರೂಗಳ ಜೊತೆ ಬದುಕಿದವನಿಗೆ ಸೈಕಲ್ಲಿನ ನಟ್ಟು ಬೋಲ್ಟುಗಳೇನು ಬ್ರಹ್ಮವಿದ್ಯೆಯಲ್ಲ. ಆದರೆ ಕೊಳೆ! ಪೆಡಲಿನ ಅಚ್ಚು ಬಿಚ್ಚಿದರೆ ಒಳಗಿನ ಗ್ರೀಸು ಹಳಸಿದ ಹಲ್ವದ ಹಾಗೆ ಗಟ್ಟಿಯಾಗಿ ಕೂತಿತ್ತು. ಸೀಟಿನ ಕೊಳವೆಯಿಂದ ಜಿರಳೆಯ ಮೊಟ್ಟೆ, ಸತ್ತ ಹಲ್ಲಿಯ ಬಾಲ ಉದುರಿದವು. ಮೂಗಿಗೆ ಟವೆಲ್ಲು ಕಟ್ಟಿಕೊಂಡು, ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕಿದೆ. ಅದು ಹಳೆಯದಲ್ಲ, ತನ್ನದು ಎಂದು ಹೆಂಡತಿ ಮರುದಿನ ಬೆಳಿಗ್ಗೆ ಕೂಗಾಡಿದಳು.

ನೀಲಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಜೇನುಮೇಣ ಸವರಿದೆ. ಬಣ್ಣ ಹೋದ ಕಡೆ ಹೊಸ ಬಣ್ಣ ಹಚ್ಚಲಿಲ್ಲ, ತುಕ್ಕು ಮುಂದುವರಿಯದಂತೆ ತಡೆದೆನಷ್ಟೆ. ಎಮ್ಮೆಯ ತಗ್ಗು ಹಾಗೇ ಉಳಿಯಿತು. ಹಿಂದಿನ ಬ್ರೇಕಿನಲ್ಲಿ ಕಂಪನಿಯ ಬೋಲ್ಟಿನ ಬದಲು ಭಾವ ತಾವೇ ಕಾರ್ಖಾನೆಯ ಲೇತ್ ಯಂತ್ರದಲ್ಲಿ ಕಡೆದ ಬೋಲ್ಟು ಇತ್ತು. ಶೋಕಿಯ ಗಿರಾಕಿಯನ್ನು ಕೇಳಿದ್ದರೆ ಅದು ಒರಿಜಿನಲ್ ಅಲ್ಲ, ಕಿತ್ತು ಬಿಸಾಕಿ ಎನ್ನುತ್ತಿದ್ದರು. ನಾನು ಅದನ್ನು ಒರೆಸಿ ಅಲ್ಲೇ ಕೂರಿಸಿದೆ. ಅಕ್ಕ ಕೇಳಿದ್ದು ಕಂಪನಿಯ ಸೈಕಲ್ಲನ್ನಲ್ಲ. ಟೈರು, ಬ್ರೇಕಿನ ತಂತಿ, ರಬ್ಬರು ಮಾತ್ರ ಹೊಸದು. ಹಿಂಚಕ್ರದಲ್ಲಿ ಚೈನು ಕೂರುವ ಹಲ್ಲುಗಾಲಿಯ, ಅಂದರೆ ಫ್ರೀವೀಲಿನ, ಒಳಗಿನ ಮಣ್ಣನ್ನು ತೊಳೆದು, ಸಿಕ್ಕ ಗ್ರೀಸುಗಳಲ್ಲೇ ದಪ್ಪನೆಯದನ್ನು, ಒಳ್ಳೆಯದನ್ನು ಒತ್ತೊತ್ತಿ ತುಂಬಿದೆ. ನಾನು ಸತ್ತ ಮೇಲೂ ಅದು ತಿರುಗುತ್ತಿರಬೇಕು ಎಂಬುದು ನನ್ನ ಆಸೆ.

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ನಾನೇ ತುಳಿದುಕೊಂಡು ಭದ್ರಾವತಿಗೆ ಹೊರಟೆ. ಸೈಕಲ್ಲು ಬೆಣ್ಣೆಯ ಹಾಗೆ ಓಡಿತು. ಪೆಡಲು ನಿಲ್ಲಿಸಿದರೂ ಒಂದು ಸದ್ದಿಲ್ಲ. ನನ್ನ ಕೆಲಸಕ್ಕೆ ನಾನೇ ಮನಸ್ಸಿನಲ್ಲಿ ಬೆನ್ನು ತಟ್ಟಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಹಾದುಹೋದ ಬಸ್ಸಿನ ಕಿಟಕಿಯಿಂದ ಯಾರೋ ಪಿಚಕ್ಕನೆ ಉಗಿದರು. ಅರ್ಧ ನನ್ನ ತೋಳಿನ ಮೇಲೆ, ಅರ್ಧ ಜೇನುಮೇಣ ಸವರಿದ ನೀಲಿಯ ಮೇಲೆ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಕುಡಿಯಲು ತಂದಿದ್ದ ನೀರೆಲ್ಲ ಸುರಿದು ಮೊದಲು ಸೈಕಲ್ಲನ್ನು ತೊಳೆದೆ, ಆಮೇಲೆ ತೋಳನ್ನು. ಈ ದೇಶದ ಬಾಯಿಗಳಿಗೊಂದು ಬೀಗ ಬೇಕು ಎಂದು ಉಳಿದ ದಾರಿಯುದ್ದಕ್ಕೂ ಬೈದುಕೊಂಡೆ.

ಅಕ್ಕನ ಮನೆಯ ಬಾಗಿಲಲ್ಲಿ ಅಳಿಯ ಆಗಲೇ ಬಂದು ನಿಂತಿದ್ದ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು. ತಗ್ಗಿನ ಮೇಲೆ ಬೆರಳಾಡಿಸಿದಳು. ಬ್ರೇಕಿನ ಬೋಲ್ಟನ್ನು ಗುರುತಿಸಿದಳು. ಸೀಟಿನ ಮೇಲೆ ಭಾವನ ತೊಡೆ ಉಜ್ಜಿ ಬಿದ್ದ ಕಲೆಯೂ ಇದ್ದಲ್ಲೇ ಇತ್ತು. ನಾನು ಹೊಗಳಿಕೆಗೆ ಕಾಯುತ್ತಾ ನಿಂತೆ. ಅವಳು ಹ್ಯಾಂಡಲ್ಲು ಹಿಡಿದು ಹಾಲಿನೊಳಗೆ ಒಂದಿಷ್ಟು ದೂರ ತಳ್ಳಿದಳು, ಹಿಂದಕ್ಕೆಳೆದಳು, ಮತ್ತೆ ತಳ್ಳಿದಳು. ಅವಳ ಮುಖ ಸಣ್ಣದಾಯಿತು.

"ಎಲ್ಲ ಇದೆ ಕಣೋ. ಆದ್ರೆ ಇದು ಅವರ ಸೈಕಲ್ ಅಲ್ಲ."

ನನಗೆ ರೇಗಿತು. "ಇನ್ನೇನಾಗ್ಬೇಕು ನಿನಗೆ? ಒಂದು ಕೂದಲೂ ಕೊಂಕಿಸಿಲ್ಲ ನಾನು!"

"ಇದು ಕಟಕಟ ಅಂತಿತ್ತು. ಎರಡನೇ ಪಾಳಿ ಮುಗಿಸಿ ಬಂದು ಗೇಟಲ್ಲಿ ಇಳಿದು ತಳ್ಕೊಂಡು ಬರೋರು. ಅದು ಕೇಳಿದ ಮೇಲೇ ನಾನು ಸಾರು ಬಿಸಿಗಿಡ್ತಿದ್ದೆ. ಇದು ನೋಡು, ಕಳ್ಳನ ಹಾಗೆ ಬಂದು ನಿಂತಿದೆ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದೆಯಲ್ಲೋ."

ಅಷ್ಟು ಹೇಳಿ ಅವಳು ಅಡುಗೆಮನೆಗೆ ಹೋಗಿಬಿಟ್ಟಳು. ಅಳಿಯ ನನ್ನ ಮುಖ ನೋಡಲಿಲ್ಲ. "ಹಾಗಾದ್ರೆ ಮಾವ, ನಾಳೆ ಪೂಜೆ ಆದ್ಮೇಲೆ ನಾನು ತಗೊಂಡ್ ಹೋಗ್ತೀನಿ" ಎಂದು ಮೆಲ್ಲಗೆ ಹೇಳಿದ.

ನನ್ನ ಗ್ರೀಸಿನ ಮೇಲೆ ನನಗೇ ಹೇಸಿಗೆಯಾಯಿತು. ಪೆಡಲು ನಿಂತು ಚಕ್ರ ಉರುಳುವಾಗ ಫ್ರೀವೀಲಿನೊಳಗಿನ ಸಣ್ಣ ನಾಲಿಗೆಗಳು ಹಲ್ಲುಗಳಿಗೆ ಬಡಿದು ಕಟಕಟ ಎನ್ನಬೇಕು. ನಾನು ಸುರಿದ ದಪ್ಪ ಗ್ರೀಸಿನಲ್ಲಿ ಅವು ಕೆಸರಿಗೆ ಬಿದ್ದ ಕಾಲಿನ ಹಾಗೆ ಹೂತುಹೋಗಿದ್ದವು. ಬಣ್ಣದವನು ಬಣ್ಣದಿಂದ ಮುಚ್ಚಲು ಹೊರಟಿದ್ದ, ನಾನು ಗ್ರೀಸಿನಿಂದ ಮುಚ್ಚಿದ್ದೆ.

"ನಿನ್ನ ಬೈಕಿಂದ ಸ್ವಲ್ಪ ಪೆಟ್ರೋಲ್ ತೆಗಿ" ಎಂದೆ ಅಳಿಯನಿಗೆ.

ಜನ್ಮದಲ್ಲಿ ಕೈ ಕೊಳೆ ಮಾಡಿಕೊಳ್ಳದ ಹುಡುಗ. ಪೈಪಿಗೆ ಬಾಯಿಟ್ಟು ಎಳೆದ, ಪೆಟ್ರೋಲು ನಾಲಿಗೆಗೆ ತಾಗಿ "ಥೂ ಥೂ" ಎಂದು ಅಂಗಳ ತುಂಬ ಉಗಿದ. ಇಬ್ಬರೂ ಹಿಂಚಕ್ರ ಬಿಚ್ಚಿ ಜಗಲಿಯ ಮೇಲೆ ಮಲಗಿಸಿ, ಫ್ರೀವೀಲಿನ ಸಂದಿಗೆ ಪೆಟ್ರೋಲ್ ಬಿಟ್ಟು ತಿರುಗಿಸಿದೆವು. ಗ್ರೀಸು ಕಪ್ಪಗೆ ಕರಗಿ ಅವನ ಬಿಳಿ ಅಂಗಿಯ ತೋಳಿಗೆ ಇಳಿಯಿತು. ಮತ್ತೆ ಬಿಟ್ಟೆವು, ಮತ್ತೆ ತಿರುಗಿಸಿದೆವು. ಎಲ್ಲ ಹೊರಬಂದ ಮೇಲೆ ತೆಳ್ಳನೆಯ ಎಣ್ಣೆ ಬೇಕಾಯಿತು. ಅಕ್ಕನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ ಸಿಕ್ಕಿತು. ಒಂದೆರಡು ಹನಿ ಬಿಟ್ಟು ಚಕ್ರವನ್ನು ಜೋಡಿಸಿದೆವು.

"ಗೇಟಿಂದ ತಳ್ಕೊಂಡು ಬಾ" ಎಂದೆ.

ಅವನು ಗೇಟಿನವರೆಗೆ ಎತ್ತಿಕೊಂಡು ಹೋಗಿ, ಇಳಿಸಿ, ತಳ್ಳಿದ. ಕಟ, ಕಟ, ಕಟಕಟಕಟ. ನಾಲ್ಕು ಹೆಜ್ಜೆಗೆ ಅಳಿಯ ಗಕ್ಕನೆ ನಿಂತುಬಿಟ್ಟ.

"ಮಾವ, ಈ ಸದ್ದು ಕೇಳಿದ್ರೆ ನಾನು ಟಿವಿ ಆಫ್ ಮಾಡಿ ಪುಸ್ತಕ ಹಿಡ್ಕೊಳ್ತಿದ್ದೆ" ಎಂದ. ನಾನು ಬೇರೆ ಕಡೆ ನೋಡಿದೆ. ಅವನು ಮತ್ತೆ ತಳ್ಳುತ್ತಾ ಬಂದು ಹಾಲಿನ ಹೊಸ್ತಿಲಿಗೆ ಚಕ್ರ ತಾಗಿಸಿದ.

ಒಳಗೆ ಪಾತ್ರೆಯ ಸದ್ದು ನಿಂತಿತು. ಒಲೆಯ ಲೈಟರ್ ಟಕ್ ಎಂದಿತು. ಆಮೇಲೆ ಅಕ್ಕ ಬಾಗಿಲಿಗೆ ಬಂದಳು, ಕೈಯಲ್ಲಿ ತೆಂಗಿನ ಕರಟ, ಕರಟದಲ್ಲಿ ಸೀಗೆಪುಡಿ.

"ಥೂ, ಮೊದ್ಲು ಕೈ ತೊಳ್ಕೊಳ್ಳಿ..." ಎಂದವಳು ಅಲ್ಲಿಗೇ ನಿಂತಳು. ಎದುರಿಗೆ ಇದ್ದದ್ದು ಮಗ, ಪಕ್ಕದಲ್ಲಿ ತಮ್ಮ. ಇಬ್ಬರ ಮೊಣಕೈವರೆಗೂ ಕಪ್ಪು ಮಸಿ.

ಕರಟವನ್ನು ವಾಪಸ್ ಒಯ್ಯಲಿಲ್ಲ ಅವಳು. ನಲ್ಲಿಯ ಪಕ್ಕ ಅದರ ಹಳೆಯ ಜಾಗದಲ್ಲಿ ಇಟ್ಟು, ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಅಳಿಯ ಮುಟ್ಟಬಾರದ ಕೈಯಿಂದಲೇ ಸೈಕಲ್ಲನ್ನು ಎತ್ತಿ, ಕೆಂಪು ನೆಲದ ಮೇಲೆ, ಹಳೆಯ ಎಣ್ಣೆಕಲೆಯ ಮೇಲೆಯೇ ನಿಲ್ಲಿಸಿ ಬಂದ. ನಾವಿಬ್ಬರೂ ನಲ್ಲಿಯ ಹತ್ತಿರ ಕೂತು ಕೈ ತಿಕ್ಕಿಕೊಂಡೆವು. ಒಳಗಿನಿಂದ ಸಾರು ಕುದಿಯುವ ವಾಸನೆ ಬಂತು.