ಅಪ್ಪ ಹುಡುಕಿ ತಂದ ದಾಯಾದಿ

ಈ ಸಲ ಗೌರಿ ಹಬ್ಬದ ಹಿಂದಿನ ದಿನ, ತಲೆಗೆ ನೀರು ಹಾಕಿಕೊಂಡು ಬಂದು ಕೂದಲು ಒರೆಸಿಕೊಳ್ಳುತ್ತಿದ್ದಾಗ ನೆಲಮಂಗಲದಿಂದ ಫೋನ್ ಬಂತು. "ಅತ್ತೆ, ಅಪ್ಪ ಹೋಗ್ಬಿಟ್ರು. ನಿಮ್ಗೆ ಸೂತಕ ಏನೂ ಇಲ್ಲ, ಒಂದು ಸ್ನಾನ ಮಾಡ್ಕೊಂಡ್ರೆ ಸಾಕು. ತಿಳಿಸ್ಬೇಕಲ್ಲ ಅಂತ ಮಾಡ್ದೆ" ಎಂದ ಶ್ರೀಕಂಠನ ಮಗ. ಒದ್ದೆ ತಲೆಯ ಮೇಲೆ ಮತ್ತೆ ನೀರು ಸುರಿದುಕೊಳ್ಳುವಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ಸತ್ತವನ ಮೇಲೂ ಕರುಬುವ ಈ ಮುದುಕಿ ಎಂಥವಳಪ್ಪ ಎಂದು ನೀವು ಮುಖ ಸಿಂಡರಿಸುವ ಮೊದಲು ನಮ್ಮಪ್ಪನ ವಿಷಯ ಕೇಳಬೇಕು.

ಅಪ್ಪ ದೊಡ್ಡಬಳ್ಳಾಪುರದಲ್ಲಿ ಮೇಷ್ಟ್ರು. ನಾನೊಬ್ಬಳೇ ಮಗಳು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಅವರಿಗೆ ನಮ್ಮ ವಂಶಾವಳಿ ಬರೆಯುವ ಹುಚ್ಚು ಹಿಡಿಯಿತು. ಭಾನುವಾರ ಬಂತೆಂದರೆ ಕೊಡೆ ಕಂಕುಳಲ್ಲಿಟ್ಟುಕೊಂಡು ಪೆಟ್ರೋಲ್ ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿಬಿಡುತ್ತಿದ್ದರು. ಇಂಥ ಊರಿನಲ್ಲಿ ನಮ್ಮ ಗೋತ್ರದವರಿದ್ದಾರೆ ಎಂದು ಯಾರಾದರೂ ಬಾಯಿ ತಪ್ಪಿ ಹೇಳಿದರೂ ಸಾಕು. ಗುರುತಿಲ್ಲದ ಮನೆಯ ಜಗಲಿ ಹತ್ತಿ "ನಿಮ್ಮ ಮುತ್ತಾತನ ಹೆಸರೇನು ಸ್ವಾಮಿ?" ಎಂದರೆ ಆ ಜನವಾದರೂ ಏನು ತಿಳಿಯಬೇಕು ಹೇಳಿ. ಆಸ್ತಿಯಲ್ಲಿ ಪಾಲು ಕೇಳಲು ಬಂದವನೆಂದು ದೇವನಹಳ್ಳಿಯವರು ನೀರೂ ಕೊಡದೆ ಸಾಗಹಾಕಿದರು. ಶಿವಗಂಗೆಯ ಹತ್ತಿರದ ಒಂದು ಮನೆಯವರು ಗಂಡಿನ ಕಡೆಯವನೆಂದು ತಿಳಿದು, ಕೇಸರಿಬಾತು ಕೊಟ್ಟು, ಮಗಳಿಂದ ದೇವರನಾಮ ಹಾಡಿಸಿದರಂತೆ. ಎರಡೂ ಮನೆಯದು ಒಂದೇ ಗೋತ್ರವೆಂದು ತಿಳಿಯುವ ಹೊತ್ತಿಗೆ ಕೇಸರಿಬಾತು ಮುಗಿದಿತ್ತು.

ಬಟ್ಟೆಗೆ ಕಂಟ್ರೋಲ್ ಇದ್ದ ದಿನಗಳವು. ನನ್ನ ಲಂಗಕ್ಕೆಂದು ಅಮ್ಮ ಮಗ್ಗದವರನ್ನು ಕಾಡಿ ಬೇಡಿ ತಂದಿಟ್ಟಿದ್ದ ಬಿಳಿ ಬಟ್ಟೆಗೆ ಅಪ್ಪ ಗಂಜಿ ಹಾಕಿ ಒಣಗಿಸಿ, ಅದರ ಮೇಲೆ ವಂಶದ ಮರ ಬರೆದರು. ಗಂಡುಮಕ್ಕಳಿಗೆ ಕೊಂಬೆ, ಹೆಣ್ಣುಮಕ್ಕಳಿಗೆ ಎಲೆ. ನನ್ನ ಎಲೆಗೆ ಹಸಿರು ಬಣ್ಣ ತುಂಬಿ "ನೋಡು, ಇಷ್ಟು ಚೆನ್ನಾಗಿರೋ ಎಲೆ ಇನ್ನೊಂದಿಲ್ಲ" ಎಂದರು. ನನಗೆ ಬೇಕಾಗಿದ್ದದ್ದು ಲಂಗ. ನನ್ನ ಬಟ್ಟೆಯನ್ನು ಹೊದ್ದುಕೊಂಡು ಮಲಗಿದ್ದ ಆ ಸತ್ತ ತಾತಂದಿರ ಮೇಲೆಲ್ಲ ನನಗೆ ಸಿಟ್ಟು ಬಂದಿತ್ತು.

ಅಪ್ಪ ಹೊಸ ದಾಯಾದಿಗಳನ್ನು ಕಂಡುಹಿಡಿದಷ್ಟೂ ನಮ್ಮ ಮನೆಗೆ ಹೊಸ ಸೂತಕಗಳು ಬಂದವು. ಏಳು ತಲೆಮಾರಿನೊಳಗಿನ ದಾಯಾದಿ ಸತ್ತರೆ ಹತ್ತು ದಿನ ಪೂಜೆಯಿಲ್ಲ, ಹಬ್ಬವಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ನಾವು ಮುಖವನ್ನೇ ಕಾಣದ ಮುದುಕರು ಸತ್ತ ಸುದ್ದಿಯ ಕಾರ್ಡುಗಳು ಬರತೊಡಗಿದವು. ಒಂದು ವರ್ಷ ದೀಪಾವಳಿ ಹೋಯಿತು, ಇನ್ನೊಂದು ವರ್ಷ ಯುಗಾದಿ.

"ಗೊತ್ತಿಲ್ದೆ ಇದ್ದಿದ್ರೆ ಈ ಹೊತ್ತು ಹೋಳಿಗೆ ತಿಂತಿದ್ವಿ" ಎಂದು ಅಮ್ಮ ಪಾತ್ರೆ ಕುಕ್ಕಿದರೆ, ಅಪ್ಪ "ಗೊತ್ತಾದ್ಮೇಲೆ ಬಿಡೋಕಾಗತ್ತೇನೇ?" ಎನ್ನುತ್ತಿದ್ದರು. ಅವರ ಮುಖದಲ್ಲಿ ದುಃಖದ ಸುಳಿವೇ ಇರುತ್ತಿರಲಿಲ್ಲ, ಮನೆಗೆ ನೆಂಟರು ಬಂದ ಸಂಭ್ರಮವಿರುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಅಪ್ಪ ಹೆಸರಿನ ಬದಲು ಮನುಷ್ಯನನ್ನೇ ಕರೆತಂದರು. ಅರಿಶಿನಕುಂಟೆಯ ಕಡೆಯ ಹುಡುಗ, ತಂದೆತಾಯಿ ಇಲ್ಲ, ನೆಲಮಂಗಲದ ದಿನಸಿ ಅಂಗಡಿಯಲ್ಲಿ ಕೆಲಸ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ಅವನೇ ಶ್ರೀಕಂಠ.

"ಇವ್ನು ನಿಂಗೆ ಅಣ್ಣ ಆಗ್ಬೇಕು ಕಣೇ! ಏಳರೊಳಗೇ ಬರ್ತಾನೆ! ನಮ್ಗೂ ಇವ್ನಿಗೂ ಸೂತಕ ಇದೆ!" ಎಂದು ಅಪ್ಪ ಬಾಗಿಲಿನಿಂದಲೇ ಕೂಗಿದರು. ಶ್ರೀಕಂಠ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ನಿಂತಿದ್ದ.

ಆಮೇಲೆ ಪ್ರತಿ ಭಾನುವಾರವೂ ಅವನು ಬಂದ. ಬರೆಯುವಾಗ ಅಪ್ಪನ ಎರಡು ಕೈಗೂ ಮಸಿ ಮೆತ್ತಿರುತ್ತಿತ್ತು. ಮೂಗಿನ ತುದಿಗೆ ಜಾರಿದ ಅವರ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳುವುದು ನಾನು ಚಿಕ್ಕವಳಿದ್ದಾಗಿನಿಂದ ನನ್ನ ಕೆಲಸ. ಒಂದು ದಿನ ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಶ್ರೀಕಂಠ ತಳ್ಳಿದ. ಅಪ್ಪ ತಲೆಯೆತ್ತಿಯೂ ನೋಡಲಿಲ್ಲ, ಯಾರ ಬೆರಳಾದರೂ ಒಂದೇ ಎಂಬಂತೆ ಬರೆಯುತ್ತಲೇ ಇದ್ದರು. ಆ ದಿನ ನಾನು ಊಟ ಬಿಟ್ಟೆ.

ಅಮ್ಮ ಹಿತ್ತಿಲಿಗೆ ಬಂದು ನನ್ನ ಪಕ್ಕ ಕುಳಿತರು. "ಹುಚ್ಚಿ, ನಿಮ್ಮಪ್ಪ ಇಷ್ಟು ದಿನ ತಾತ ಮುತ್ತಾತನ್ನ ಹುಡುಕ್ತಿದ್ರು ಅನ್ಕೊಂಡ್ಯಾ? ತಮಗೆ ಕೊಳ್ಳಿ ಇಡೋಕೆ ಯಾರಾದ್ರೂ ಸಿಕ್ತಾರಾ ಅಂತ ನೋಡ್ತಿದ್ರು. ಗಂಡುಮಗ ಇದ್ದಿದ್ರೆ ಈ ಅಲೆದಾಟ ಯಾಕೆ ಬೇಕಿತ್ತು?"

ಸಮಾಧಾನಕ್ಕೆ ಹೇಳಿದ ಮಾತೇ. ಆದರೆ ಅದನ್ನು ಕೇಳಿದ ಮೇಲೆ ನನಗೆ ಸಮಾಧಾನವೆಂಬುದೇ ಇಲ್ಲವಾಯಿತು. ಅವರ ಮಗು ನಾನು ಮನೆಯಲ್ಲೇ ಇದ್ದೆ. ನನ್ನನ್ನು ದಾಟಿಕೊಂಡು ಅವರು ಊರೂರು ಅಲೆದಿದ್ದರು.

ನನ್ನನ್ನು ಹೊಸಕೋಟೆಗೆ ಕೊಟ್ಟರು. ಅದಾದ ಮರುವರ್ಷವೇ ಅಪ್ಪ ಹೋದರು. ಅವರು ಅಂದುಕೊಂಡಂತೆಯೇ ಎಲ್ಲವನ್ನೂ ಶ್ರೀಕಂಠ ಮಾಡಿದ. ಮದುವೆಯಾದ ಮಗಳಿಗೆ ತಂದೆಯ ಸೂತಕ ಮೂರೇ ದಿನ. ನಾಲ್ಕನೆಯ ಬೆಳಿಗ್ಗೆ ಬಂಧುಗಳಲ್ಲಿ ಹಿರಿಯರೊಬ್ಬರು ಬಂದು "ಏಳಮ್ಮ, ನಿಂಗೆ ಮುಗೀತು. ಸ್ನಾನ ಮಾಡಿ ಒಲೆ ಹಚ್ಚು, ಇಷ್ಟು ಜನಕ್ಕೆ ಅಡುಗೆ ಆಗ್ಬೇಕು" ಎಂದರು.

ಮುಗಿಯಿತಂತೆ! ನಾನು ಸ್ನಾನ ಮಾಡಿ, ಕುಂಕುಮವಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಹಜಾರದ ಮೂಲೆಯಲ್ಲಿ ಶ್ರೀಕಂಠ ಕುಳಿತಿದ್ದ. ಬಂದವರೆಲ್ಲ ಅವನ ಎದುರು ಕುಳಿತು ಸಮಾಧಾನ ಹೇಳುತ್ತಿದ್ದರು. ನನ್ನನ್ನು ಕಂಡವರು ಕೇಳುತ್ತಿದ್ದುದು ಸಾರಿಗೆ ಉಪ್ಪು ಹಾಕಿದೆಯಾ ಎಂದು. ಲೋಕದ ಹೆಂಗಸರು ಇನ್ನೊಬ್ಬರ ಒಡವೆ ನೋಡಿ ಕರುಬುತ್ತಾರೆ, ನಾನು ಒಬ್ಬನ ಮೈಲಿಗೆ ನೋಡಿ ಕರುಬಿದೆ. ಅವನಿಗೆ ಇನ್ನೂ ಏಳು ದಿನ ಉಳಿದಿದ್ದವು. ಅಷ್ಟು ದಿನ ಅವನು ಏನೂ ಮಾಡದೆ, ನಮ್ಮಪ್ಪ ಸತ್ತಿದ್ದಾರೆ ಎಂದು ಸುಮ್ಮನೆ ಕುಳಿತಿರಬಹುದಿತ್ತು.

ಒಂದು ಮಧ್ಯಾಹ್ನ ಮುಟ್ಟದೆ ದೂರದಿಂದ ಅವನ ಎಲೆಗೆ ಬಡಿಸುತ್ತಿದ್ದಾಗ ಅವನು ಮೆಲ್ಲಗೆ "ತಂಗೀ, ಇಲ್ಲಿ ಕೂರ್ಬೇಕಾದೋಳು ನೀನು. ನಂಗೂ ಗೊತ್ತು" ಎಂದ. ನಾನು ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಅವನು ಒಳ್ಳೆಯವನಾಗಿದ್ದದ್ದೇ ನನಗೆ ದೊಡ್ಡ ತೊಂದರೆ. ಕೆಟ್ಟವನಾಗಿದ್ದಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ನೆಪವಾದರೂ ಸಿಗುತ್ತಿತ್ತು. ಆಮೇಲೂ ಪ್ರತಿ ವರ್ಷ ಅಪ್ಪನ ತಿಥಿ ಮಾಡಿ ನನ್ನನ್ನು ಕರೆಯುತ್ತಿದ್ದ. ನಾನು ಹೋಗಿ, ಹೊಟ್ಟೆ ತುಂಬ ಉಂಡು, ವಡೆ ಗಟ್ಟಿಯಾಗಿದೆ ಎಂದು ಹೇಳಿ ಬರುತ್ತಿದ್ದೆ.

ಫೋನ್ ಬಂದ ದಿನ ಎರಡನೆಯ ಸ್ನಾನ ಮುಗಿಸಿ ಬಂದರೆ, ಸೊಸೆ ಗೌರಿಯ ಮಂಟಪಕ್ಕೆ ಬಾಳೆಕಂದು ಕಟ್ಟುತ್ತಿದ್ದಳು. "ಅತ್ತೆ, ಆಯ್ತಲ್ಲ, ರಂಗೋಲಿ ನೀವೇ ಹಾಕ್ಬಿಡಿ" ಎಂದು ಬಟ್ಟಲು ನೀಡಿದಳು.

"ಮುಟ್ಬೇಡ. ನಂಗೆ ಸೂತಕ."

"ಇಲ್ಲ ಅಂದ್ರಲ್ಲ ಫೋನಲ್ಲಿ?"

"ಇದೆ. ಹತ್ತು ದಿನ. ನೀವು ಹಬ್ಬ ಮಾಡ್ಕೊಳ್ಳಿ, ನಾನು ಹಿಂದಿನ ರೂಮಲ್ಲಿ ಇರ್ತೀನಿ."

ಇದು ಯಾವ ಶಾಸ್ತ್ರ ಎಂದು ಮಗ ಬಂದು ಕೇಳಿದ. ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಚಾಪೆ ಹಾಸಿಕೊಂಡು ಕುಳಿತು ಇವತ್ತಿಗೆ ನಾಲ್ಕನೆಯ ದಿನ. ಮೊದಲ ಮೂರು ದಿನ ಶ್ರೀಕಂಠನಿಗೆ ಸಲ್ಲಿಸಿದೆ. ನನಗೆ ಎಷ್ಟು ಕೊಟ್ಟಿದ್ದರೋ ಅಷ್ಟೇ, ಅದಕ್ಕಿಂತ ಒಂದು ದಿನ ಹೆಚ್ಚು ಕೊಡಲು ಮನಸ್ಸು ಬರಲಿಲ್ಲ. ಇವತ್ತಿನಿಂದ ಏಳು ದಿನ ನಾನು ನಮ್ಮಪ್ಪನಿಗೆ ಕೂತಿದ್ದೇನೆ.